ಹುಷಾರಿಲ್ಲದ ಹೊಸ ವ್ಯಾಗನ್

"ಮಹತೀ! ಬಾವುಟ!"

ಜೀವಿತಾ ಮಿಸ್ ಕೂಗಿದಾಗ ಮಹತಿ ಬೆಚ್ಚಿಬಿದ್ದಳು. ಹಸಿರು ಬಾವುಟ ಅವಳ ಕೈಯಲ್ಲಿ ಒದ್ದೆ ಕರ್ಚೀಫಿನ ಹಾಗೆ ಜೋತುಬಿದ್ದಿತ್ತು. ಹಾಡು ಮುಗಿದಿತ್ತು. ಅಲ್ವಿನ್‌ನ ಚೆಂಡೆಯೂ ನಿಂತಿತ್ತು. ಐದನೇ ಕ್ಲಾಸಿನ ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು.

"ಎಡೀ, ಮತ್ತೆ ನಿದ್ದೆನಾ?" ಅಂದ ಅಲ್ವಿನ್.

ನಿದ್ದೆಯಲ್ಲ. ಶಾಲೆಯ ಕಾಂಪೌಂಡಿನ ಆಚೆ ಒಂದು ಗೂಡ್ಸ್ ಗಾಡಿ ಹೋಗುತ್ತಿತ್ತು. ಗೂಡ್ಸ್ ಗಾಡಿ ಕಂಡರೆ ಮಹತಿಗೆ ಹೀಗೇ ಆಗುತ್ತದೆ. ಮೊದಲ ವ್ಯಾಗನ್ ಅವಳ ಕಣ್ಣನ್ನು ಹಿಡಿದುಕೊಂಡರೆ ಕೊನೆಯ ವ್ಯಾಗನ್ ದಾಟುವವರೆಗೂ ಬಿಡುವುದಿಲ್ಲ. ಇದು ಎಲ್ಲಿಂದ ಬಂತು? ಇದರ ಮೇಲೆ ಯಾವ ಊರಿನ ಮಳೆ ಬಿದ್ದಿದೆ? ಹೀಗೆ ಯೋಚನೆಯ ಹಿಂದೆ ಯೋಚನೆ, ವ್ಯಾಗನ್‌ಗಳ ಹಾಗೆಯೇ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹೊರಟುಬಿಡುತ್ತವೆ.

"ನಾಳೆ ಹೀಗೆ ಮಾಡಿದರೆ ಗಾಡಿ ಹೊರಡೋದೇ ಇಲ್ಲ," ಅಂದರು ಮಿಸ್. ಆದರೆ ಅವರ ಮುಖದಲ್ಲಿ ನಗು ಇತ್ತು. "ಇನ್ನೊಂದು ಸಲ. ಅಲ್ವಿನ್, ಶುರು ಮಾಡು."

ಅಲ್ವಿನ್ ಚೆಂಡೆಯ ಪಟ್ಟಿಯನ್ನು ಭುಜಕ್ಕೆ ಏರಿಸಿಕೊಂಡ. ತಿಂಗಳಿಂದ ಅವನಿಗೆ ಇದೇ ಕೆಲಸ. ಊಟದ ಬೆಲ್ ಆದಮೇಲೂ ಡೆಸ್ಕಿನ ಮೇಲೆ ಬೆರಳಲ್ಲಿ ಬಾರಿಸುತ್ತಲೇ ಇರುತ್ತಿದ್ದ. ನಾಳೆ ಶನಿವಾರ ಬೆಳಗ್ಗೆ ಕಳಮಶ್ಶೇರಿಯ ಗೂಡ್ಸ್ ಯಾರ್ಡಿನಿಂದ ಹೊಸ ವ್ಯಾಗನ್‌ಗಳ ಮೊದಲ ಗಾಡಿ ಉಕ್ಕು ಹೊತ್ತುಕೊಂಡು ತಿರುವನಂತಪುರಕ್ಕೆ ಹೊರಡುತ್ತದೆ. ಆಗ ಐದನೇ ಕ್ಲಾಸಿನವರು ಹಾಡಬೇಕು. ಅಲ್ವಿನ್ ಚೆಂಡೆ ಬಾರಿಸಬೇಕು. ಮಹತಿ ಹಸಿರು ಬಾವುಟ ಬೀಸಬೇಕು.

"ನಮ್ಮ ಅಮ್ಮಚ್ಚಿ ಆಲುವಾದಿಂದ ಬರ್ತಾರೆ, ನನ್ನ ಚೆಂಡೆ ಕೇಳೋಕೆ," ಅಂತ ಅಲ್ವಿನ್ ತನ್ನ ಅಜ್ಜಿಯ ವಿಷಯವನ್ನು ಎಲ್ಲರಿಗೂ ಹೇಳಿದ್ದ.

ಮಹತಿಯ ಹತ್ತಿರವೂ ಹೇಳುವಂಥದ್ದು ಒಂದಿತ್ತು. ಅವಳು ಅದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ನಾಳೆ, ಬಾವುಟ ಬೀಸಿದ ಮೇಲೆ, ಎಲ್ಲರೂ ಚಪ್ಪಾಳೆ ತಟ್ಟುವಾಗ ಹೇಳೋಣ ಅಂತ ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದಳು.

ಆ ವ್ಯಾಗನ್‌ಗಳನ್ನೆಲ್ಲ ನೋಡಿಕೊಳ್ಳುವ ಇಂಜಿನಿಯರ್ ಅವಳ ಅಮ್ಮ.

ಅಮ್ಮನ ಹೆಸರು ಅಪರ್ಣಾ. ಮೊದಲು ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದಳು. ಈ ಜೂನ್‌ನಲ್ಲಿ ಇಲ್ಲಿಗೆ ವರ್ಗವಾಯಿತು. ಅಪ್ಪ ವೆಂಕಟರಮಣ, ಬ್ಯಾಂಕಿನ ಕೆಲಸದ ಮೇಲೆ ಮೂರು ವರ್ಷದಿಂದ ಕೊಚ್ಚಿಯಲ್ಲೇ ಇದ್ದರು. ಮಹತಿಯೂ ಅವರ ಜೊತೆಗಿದ್ದಳು. ಹಾಗಾಗಿ ಅವಳ ಬಾಯಿಗೆ ಮಲಯಾಳವೇ ಮೊದಲು ಬರುತ್ತಿತ್ತು. ಅಮ್ಮ ಇಷ್ಟು ದಿನ ರಜೆಯಲ್ಲಿ ಮಾತ್ರ ಸಿಗುತ್ತಿದ್ದಳು. ಈಗ ದಿನಾ ಸಿಗುತ್ತಿದ್ದಳು. ಆದರೆ ಶಾಲೆಯಲ್ಲಿ ಯಾರಿಗೂ ಅವಳ ಮುಖ ಗೊತ್ತಿರಲಿಲ್ಲ.

ಆ ಸಂಜೆ ಅಮ್ಮ ಬಾಗಿಲ ಬಳಿ ಬೂಟು ಬಿಚ್ಚುತ್ತ ಕೇಳಿದಳು, "ಏನೇ ಪುಟ್ಟಿ, ಬಾವುಟ ಬೀಸೋದು ಕಲಿತ್ಯಾ?"

"ಪಿನ್ನೆ!" ಅಂದಳು ಮಹತಿ. ಮತ್ತಿನ್ನೇನು ಅನ್ನುವ ಹಾಗೆ. "ಅಮ್ಮೇ, ವ್ಯಾಗನ್ ಹೇಗಿದೆ ಹೇಳು."

ಎಷ್ಟು ಸಲ ಕೇಳಿದರೂ ಅಮ್ಮ ಹೇಳುತ್ತಿದ್ದಳು. ಇವತ್ತೂ ಹೇಳಿದಳು.

"ಉದ್ದಕ್ಕೆ ಇದೆ, ತಗ್ಗಾಗಿದೆ, ಗೋಡೆ ಇಲ್ಲ. ಉಕ್ಕಿನ ಹಾಳೆನ ಚಾಪೆ ಸುತ್ತಿದ ಹಾಗೆ ಸುತ್ತಿರ್ತಾರೆ ನೋಡು, ಆ ಒಂದೊಂದು ಸುರುಳಿ ನಾಲ್ಕೈದು ಆನೆ ತೂಕ. ಮೊದಲೆಲ್ಲ ಅದನ್ನ ಮಾಮೂಲಿ ವ್ಯಾಗನ್‌ನಲ್ಲಿಟ್ಟು, ಉರುಳದೆ ಇರಲಿ ಅಂತ ಮರದ ತುಂಡು ಸಿಕ್ಕಿಸಿ, ಸರಪಳಿ ಬಿಗಿದು, ದೊಡ್ಡ ಗೋಳು. ಇದರಲ್ಲಿ ಹಾಗಿಲ್ಲ. ಸುರುಳಿ ಕೂರೋಕೆ ಅಂತಲೇ ಹಳ್ಳ ಮಾಡಿದ್ದಾರೆ, ಮಡಿಲಿನ ಥರ. ಕ್ರೇನ್ ಮೆಲ್ಲಗೆ ಇಳಿಸುತ್ತೆ. ಅದು ಹೋಗಿ ಮಡಿಲಲ್ಲಿ ಕೂತ್ಕೊಳ್ಳುತ್ತೆ."

ಮಹತಿ ಕಣ್ಣು ಮುಚ್ಚಿಕೊಂಡಳು. ನೀಲಿ ಮಡಿಲುಗಳ ಉದ್ದನೆಯ ಸಾಲು. ಅವುಗಳಲ್ಲಿ ಕೂತ ಬೆಳ್ಳಿ ಬಣ್ಣದ ಆನೆಗಳು. ಅವು ಆಲಪ್ಪುಳದ ನೀರು, ತೆಂಗಿನ ತೋಟ, ಕೊಲ್ಲಂನ ಸಮುದ್ರ ಎಲ್ಲ ನೋಡಿಕೊಂಡು ಹೋಗುತ್ತವೆ. ತಿರುವನಂತಪುರ ಬರುವ ಮೊದಲು ಮೇಧಾಳ ಮನೆಯ ಹಿಂದೆಯೇ ಹಾದುಹೋಗುತ್ತವೆ.

ಮೇಧಾ ಚಿಕ್ಕಮ್ಮನ ಮಗಳು. ಅವಳ ಅಪ್ಪ ಅಲ್ಲಿ ರಾಕೆಟ್ ಸೆಂಟರಿನಲ್ಲಿ ಕೆಲಸ ಮಾಡುತ್ತಾರೆ. ಅವರ ಮನೆಯ ಹಿತ್ತಲಿನ ಗೋಡೆಯ ಮೇಲೆ ಕೈಯಿಟ್ಟು ನಿಂತರೆ ಹಳಿಯ ಜಲ್ಲಿಕಲ್ಲು ಕಾಣುತ್ತದೆ. ಗಾಡಿ ಹೋದಾಗ ತಂತಿಯ ಮೇಲಿನ ಬಟ್ಟೆಯೆಲ್ಲ ಹಾರಾಡುತ್ತದೆ.

"ನಾನು ಗೋಡೆ ಹತ್ರ ನಿಂತಿರ್ತೀನಿ ಕಣೇ," ಅಂತ ಮೇಧಾ ಫೋನಿನಲ್ಲಿ ಮಾತು ಕೊಟ್ಟಿದ್ದಳು. "ನೀನು ಅಲ್ಲಿಂದ ಬಾವುಟ ಬೀಸು. ನಾನು ಇಲ್ಲಿಂದ ಟಾಟಾ ಮಾಡ್ತೀನಿ."

*

ಶನಿವಾರ ಯಾರ್ಡ್ ಗುರುತೇ ಸಿಗದ ಹಾಗಿತ್ತು. ಶಾಮಿಯಾನ ಹಾಕಿದ್ದರು. ತೆಂಗಿನ ಎಳೆಗರಿಯ ತೋರಣ ಗಾಳಿಗೆ ಅಲುಗುತ್ತಿತ್ತು. ಉಕ್ಕು ಕಳಿಸುವ ಕಂಪನಿಯ ಮ್ಯಾನೇಜರ್ ಬಿಳಿ ಮುಂಡು ಉಟ್ಟುಕೊಂಡು, ಒಡೆಯಬೇಕಾದ ತೆಂಗಿನಕಾಯಿಯನ್ನು ಆಗಲೇ ಕೈಯಲ್ಲಿ ಹಿಡಿದು ಓಡಾಡುತ್ತಿದ್ದರು. ಮುಂದಿನ ಸಾಲಿನಲ್ಲಿ ಅತಿಥಿಗಳು. ಹಿಂದಿನ ಸಾಲಿನಲ್ಲಿ ಅಲ್ವಿನ್‌ನ ಅಮ್ಮಚ್ಚಿ, ಚಟ್ಟೆ ಅನ್ನುವ ಬಿಳಿ ರವಿಕೆ ತೊಟ್ಟು, ಕೊಡೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಗೂಡ್ಸ್ ಶೆಡ್ಡಿನ ಒಳಗಿಂದ ಇಂಜಿನ್ ಕೂಗಿತು.

"ಬಂತು! ಬಂತು!" ಮಕ್ಕಳೆಲ್ಲ ಕಿರುಚಿದರು.

ಚೆಂಡು ಹೂವಿನ ಹಾರ ಹಾಕಿಕೊಂಡ ಇಂಜಿನ್ ಮೆಲ್ಲಗೆ ಹೊರಗೆ ಬಂತು. ಅದರ ಹಿಂದೆ ಹೊಸ ವ್ಯಾಗನ್‌ಗಳು. ಅಮ್ಮ ಹೇಳಿದ ಹಾಗೇ ಇದ್ದವು, ತಗ್ಗಾಗಿ, ಉದ್ದವಾಗಿ. ಪೇಂಟಿನ ವಾಸನೆ ಶಾಮಿಯಾನದವರೆಗೂ ಬಂತು. ಮಡಿಲುಗಳಲ್ಲಿ ಉಕ್ಕಿನ ಸುರುಳಿಗಳು ಕೂತಿದ್ದವು. ಅವುಗಳ ಮೈಯಲ್ಲಿ ಬಿಸಿಲು ಹೊಳೆದು, ಮಕ್ಕಳ ಮುಖದ ಮೇಲೆ ಬೆಳಕಿನ ಬಿಲ್ಲೆಗಳು ಒಂದರ ಹಿಂದೆ ಒಂದು ಹಾದುಹೋದವು. ಮಹತಿ ಬಾಯಿ ತೆರೆದುಕೊಂಡು ನಿಂತುಬಿಟ್ಟಳು.

ಆಮೇಲೆ ಅಮ್ಮ ಕಂಡಳು. ಹಳಿಯ ಪಕ್ಕದಲ್ಲಿ, ಕಿತ್ತಳೆ ಬಣ್ಣದ ಜಾಕೆಟ್, ಹಳದಿ ಹೆಲ್ಮೆಟ್. ಎಲ್ಲರೂ ಗಾಡಿಯನ್ನು ನೋಡುತ್ತಿದ್ದರೆ ಅಮ್ಮ ಮಾತ್ರ ನೋಡುತ್ತಿರಲಿಲ್ಲ. ತಲೆ ಒಂದು ಕಡೆಗೆ ವಾಲಿಸಿ, ಕಣ್ಣು ಮುಚ್ಚಿಕೊಂಡಿದ್ದಳು.

ಗಾಡಿ ನಿಂತಿತು. ಜೀವಿತಾ ಮಿಸ್ ಎರಡೂ ಕೈ ಎತ್ತಿದರು. ಅಲ್ವಿನ್ ಕೋಲು ಎತ್ತಿದ. ಮಹತಿ ಬಾವುಟವನ್ನು ಎದೆಯ ಹತ್ತಿರ ಹಿಡಿದಳು.

ಆದರೆ ಅಮ್ಮ ಡ್ರೈವರಿಗೆ ಏನೋ ಸನ್ನೆ ಮಾಡಿದಳು. ಗಾಡಿ ಸ್ವಲ್ಪ ಹಿಂದೆ ಹೋಯಿತು. ಮತ್ತೆ ಮುಂದೆ ಬಂತು. ಅಮ್ಮ ಅದರ ಪಕ್ಕದಲ್ಲೇ ನಡೆದಳು. ಗಾಡಿ ನಿಂತಾಗ ನಡುವಿನ ಒಂದು ವ್ಯಾಗನ್ನಿನ ಬಳಿ ಕೂತು ಚಕ್ರದ ಹತ್ತಿರ ಮುಖ ತಂದಳು. ಎದ್ದು, ಜೇಬಿನಿಂದ ಸೀಮೆಸುಣ್ಣ ತೆಗೆದು, ಹೊಸ ನೀಲಿ ಪೇಂಟಿನ ಮೇಲೆ ದೊಡ್ಡದಾಗಿ ಏನೋ ಬರೆದಳು.

ಮ್ಯಾನೇಜರ್ ಮುಂಡು ಎತ್ತಿಕಟ್ಟಿ ಅತ್ತ ಓಡಿದರು. ಅವರು ಏನು ಹೇಳಿದರೋ ಇಲ್ಲಿಗೆ ಕೇಳಿಸಲಿಲ್ಲ. ತೆಂಗಿನಕಾಯಿ ಹಿಡಿದ ಕೈಯಿಂದಲೇ ಶಾಮಿಯಾನ ತೋರಿಸಿದರು, ಅತಿಥಿಗಳನ್ನು ತೋರಿಸಿದರು, ಮಕ್ಕಳನ್ನು ತೋರಿಸಿದರು. ಆಮೇಲೆ ದಕ್ಷಿಣದ ಕಡೆಗೆ ಕೈ ಚಾಚಿದರು. ಅಮ್ಮ ತಲೆ ಅಲ್ಲಾಡಿಸಿದಳು. ಅವರು ಮತ್ತೆ ಹೇಳಿದರು. ಅಮ್ಮ ಮತ್ತೆ ತಲೆ ಅಲ್ಲಾಡಿಸಿದಳು.

ಜೀವಿತಾ ಮಿಸ್ ಹೋಗಿ ಕೇಳಿಕೊಂಡು ಬಂದರು. "ಮಕ್ಕಳೇ, ಒಂದು ವ್ಯಾಗನ್ ಸಿಕ್ ಅಂತೆ. ಅದನ್ನ ಮಧ್ಯದಿಂದ ತೆಗೆದು, ಮಿಕ್ಕಿದ್ದನ್ನ ಸೇರಿಸಿ, ಬ್ರೇಕೆಲ್ಲ ಮತ್ತೆ ನೋಡಬೇಕಂತೆ. ಸ್ವಲ್ಪ ಕಾಯೋಣ."

ಕಾದರು. ಶಾಮಿಯಾನದ ಬಟ್ಟೆಯ ಮೂಲಕ ಬಿಸಿಲು ಇಳಿಯತೊಡಗಿತು. ಎಲ್ಲರಿಗೂ ನಿಂಬೆ ಪಾನಕ ಕೊಟ್ಟರು. ಅತಿಥಿಗಳು ವಾಚು ನೋಡಿಕೊಂಡರು. ಒಂದು ಕಾರು ಹೋಯಿತು, ಇನ್ನೊಂದು ಹೋಯಿತು. ಕೊನೆಗೆ ಶಾಲೆಯ ಬಸ್ಸಿನ ಡ್ರೈವರ್ ಬಂದು ಮಿಸ್ ಕಿವಿಯಲ್ಲಿ ಏನೋ ಹೇಳಿದ. ಮಿಸ್ ನಿಟ್ಟುಸಿರು ಬಿಟ್ಟರು.

"ಹೊರಡೋಣ ಮಕ್ಕಳೇ."

"ಹಾಡು?" ಅಂದಳು ಹರ್ಷಿತಾ. ಅವಳು ಮುಡಿದ ಮಲ್ಲಿಗೆ ಬಾಡಿಹೋಗಿತ್ತು.

ಅಲ್ವಿನ್ ಚೆಂಡೆಯ ಪಟ್ಟಿ ಕಳಚಿ, ಅದನ್ನು ಕುರ್ಚಿಯ ಮೇಲೆ ಧಡಕ್ಕನೆ ಇಟ್ಟ. ಅವನ ಕಿವಿ ಕೆಂಪಾಗಿತ್ತು.

"ಎಲ್ಲಾ ಆ ಹಳದಿ ಟೋಪಿ ಹೆಂಗಸಿಂದ! ಹೊಸಾ ವ್ಯಾಗನ್‌ಗೆ ಎಂಥ ಕಾಯಿಲೆ? ನಮ್ಮ ಅಮ್ಮಚ್ಚಿ ಬೆಳಗ್ಗೆಯಿಂದ ಬಿಸಿಲಲ್ಲಿ ಕೂತಿದ್ದಾರೆ."

"ಯಾರೇ ಅದು?" ಹರ್ಷಿತಾ ಮಹತಿಯನ್ನು ಕೇಳಿದಳು. "ನಿಮ್ಮ ಅಮ್ಮನೂ ರೈಲ್ವೆ ಅಂದಿದ್ದೆ ಅಲ್ವಾ? ನಿಂಗೆ ಗೊತ್ತಾ?"

ಮಹತಿಯ ಬಾಯಲ್ಲಿದ್ದ ಮಾತು ಯಾವಾಗ ಕರಗಿಹೋಗಿತ್ತೋ.

"ಇಲ್ಲ," ಅಂದಳು. "ನಂಗೆ ಗೊತ್ತಿಲ್ಲ."

ಅಷ್ಟರಲ್ಲಿ ಹಳಿಯ ಬಳಿ ಅಮ್ಮ ಈ ಕಡೆ ತಿರುಗಿದಳು. ಹೆಲ್ಮೆಟ್ ತುಸು ಹಿಂದೆ ಸರಿಸಿ, ಮಕ್ಕಳ ಗುಂಪಿನಲ್ಲಿ ಹುಡುಕಿ, ಕೈ ಎತ್ತಿದಳು.

ಮಹತಿ ಕೆಳಗೆ ಬಗ್ಗಿ ಶೂ ಲೇಸ್ ಕಟ್ಟತೊಡಗಿದಳು. ಲೇಸ್ ಬಿಚ್ಚಿರಲಿಲ್ಲ.

*

ಎರಡನೇ ಶನಿವಾರವಾದ್ದರಿಂದ ಅಪ್ಪ ಮನೆಯಲ್ಲಿದ್ದರು. ಮಹತಿ ಬಂದವಳೇ ಬಾವುಟವನ್ನು ಮೂಲೆಗೆ ಹಾಕಿ ಮಂಚದ ಮೇಲೆ ಮಲಗಿಬಿಟ್ಟಳು. ಮೇಲೆ ಫ್ಯಾನ್ ತಿರುಗುತ್ತಿತ್ತು. ಅದನ್ನು ನೋಡುತ್ತ ಮಲಗಿದರೆ ದಿನಾ ಎಲ್ಲೆಲ್ಲಿಗೋ ಹೋಗಿಬರಬಹುದಿತ್ತು. ಇವತ್ತು ಅದು ಬರೀ ಫ್ಯಾನ್ ಆಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಡಬ್ಬಿ ಹಿಡಿದು ಬಂದರು. "ಅಮ್ಮ ಊಟಕ್ಕೆ ಬಂದಿಲ್ಲ. ಮೊಸರನ್ನ, ಬಾಳಕದ ಮೆಣಸಿನಕಾಯಿ ಹಾಕಿದೀನಿ. ಕೊಟ್ಟು ಬರೋಣ, ಏಳು."

"ಎನಿಕ್ಕ್ ವಯ್ಯಾ," ಅಂದಳು ಮಹತಿ ಗೋಡೆಯ ಕಡೆ ತಿರುಗಿ. ನನ್ನ ಕೈಲಾಗಲ್ಲ.

"ವಯ್ಯಾನೂ ಇಲ್ಲ, ಗಿಯ್ಯಾನೂ ಇಲ್ಲ. ಹತ್ತು ಸ್ಕೂಟರು."

ಯಾರ್ಡಿನಲ್ಲಿ ಶಾಮಿಯಾನ ಇನ್ನೂ ಇತ್ತು, ಕುರ್ಚಿಗಳೆಲ್ಲ ಖಾಲಿ. ಗಾಡಿ ಎರಡು ತುಂಡಾಗಿ ಎರಡು ಹಳಿಯ ಮೇಲೆ ನಿಂತಿತ್ತು. ಆಚೆ ಬೇರೊಂದು ಹಳಿಯಲ್ಲಿ ಆ ಒಂದು ವ್ಯಾಗನ್ ಒಂಟಿಯಾಗಿತ್ತು. ಅದರ ಬದಿಯಲ್ಲಿ ಅಮ್ಮನ ದುಂಡು ಅಕ್ಷರ.

"ಅಮ್ಮನ ಆಫೀಸಲ್ಲಿ ವ್ಯಾಗನ್ ಕೆಟ್ಟಿದೆ ಅಂತ ಬರೆಯಲ್ಲ," ಅಂದರು ಅಪ್ಪ. "ಸಿಕ್ ಅಂತ ಬರೀತಾರೆ. ಹುಷಾರಿಲ್ಲ ಅಂತ."

ಅಮ್ಮ ಶೆಡ್ಡಿನ ಕಟ್ಟೆಗೆ ಬಂದು ಕೂತಳು. ಕೈಯೆಲ್ಲ ಕಪ್ಪು ಗ್ರೀಸು. ಸೋಪಿನ ಪುಡಿ ಹಾಕಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ಉಳಿದುಕೊಂಡಿತ್ತು. ಅಪ್ಪ ಡಬ್ಬಿ ತೆಗೆದುಕೊಟ್ಟು, ನೀರು ತರಲು ಹೋದರು.

"ನಿಮ್ಮ ಹಾಡು ಕೇಳೋಕೆ ನಂಗೂ ಆಸೆ ಇತ್ತು ಕಣೇ," ಅಂದಳು ಅಮ್ಮ.

ಮಹತಿ ಡಬ್ಬಿಯ ಮುಚ್ಚಳ ಎತ್ತಿ ತಿರುಗಿಸಿ ನೋಡಿದಳು.

"ನಾನು ಕೈ ಎತ್ತಿದ್ದು ನೋಡಲಿಲ್ವಾ?"

"ಲೇಸ್ ಕಟ್ತಿದ್ದೆ."

ಅಮ್ಮ ಒಂದು ಸಲ ಅವಳ ಮುಖ ನೋಡಿದಳು. "ಓ," ಅಂದಳು. ಒಂದು ತುತ್ತು ಬಾಯಿಗಿಟ್ಟುಕೊಂಡಳು. ಎರಡನೇ ತುತ್ತು ಕಲಸುವಷ್ಟರಲ್ಲಿ ಯಾರೋ "ಮೇಡಂ, ಕ್ರೇನ್ ರೆಡಿ!" ಅಂತ ಕೂಗಿದರು. ಅಮ್ಮ ಡಬ್ಬಿ ಮುಚ್ಚಿ ಎದ್ದಳು.

"ನೀನು ಇಲ್ಲೇ ನಿಲ್ಲು. ಹಳದಿ ಗೆರೆ ದಾಟಬೇಡ."

ಕ್ರೇನು ಒಂಟಿ ವ್ಯಾಗನ್ನಿನ ಮಡಿಲಿನಿಂದ ಒಂದೊಂದೇ ಸುರುಳಿಯನ್ನು ಎತ್ತತೊಡಗಿತು. ಅಷ್ಟು ಭಾರದ್ದು ಗಾಳಿಯಲ್ಲಿ ಸದ್ದಿಲ್ಲದೆ ತೇಲುತ್ತಿತ್ತು. ಒಂದೊಂದು ಎದ್ದಾಗಲೂ ವ್ಯಾಗನ್ನಿನ ಕೆಳಗಿನ ಸ್ಪ್ರಿಂಗ್ ಬಿಚ್ಚಿಕೊಂಡು, ಅದು ಉಸಿರು ಎಳೆದುಕೊಂಡ ಹಾಗೆ ತುಸು ಮೇಲೇರುತ್ತಿತ್ತು. ಮಹತಿ ತಾನೂ ಅದರ ಜೊತೆ ಉಸಿರು ಎಳೆದುಕೊಂಡಳು. ಕೊನೆಯದು ಹೋದ ಮೇಲೆ ಮಡಿಲುಗಳೆಲ್ಲ ಖಾಲಿಯಾದವು.

ಪುಟ್ಟ ಇಂಜಿನ್ ಒಂದು ಬಂದು ಖಾಲಿ ವ್ಯಾಗನ್ನನ್ನು ಹಿಡಿದುಕೊಂಡಿತು. ಅಮ್ಮ ಕಟ್ಟೆಯ ಬಳಿ ಬಂದಳು.

"ಕಣ್ಣು ಮುಚ್ಕೋ, ಪುಟ್ಟಿ. ಕೇಳಿಸ್ಕೋ."

ವ್ಯಾಗನ್ ಉರುಳಿತು. ಗಡಗಡ, ಗಡಗಡ.

"ಕೇಳಿಸ್ತಾ?"

"ಏನು? ಇಲ್ಲ."

ಇಂಜಿನ್ ಮತ್ತೆ ಹಿಂದಕ್ಕೆ ತಳ್ಳಿತು. "ಈಗ?"

"ಇಲ್ಲ."

"ಗಡಗಡ ಅನ್ನೋದು ಬಿಟ್ಟುಬಿಡು. ಅದರ ಕೆಳಗೆ ಏನಿದೆ ಕೇಳು. ಅನ್ನದಲ್ಲಿ ಕಲ್ಲು ಸಿಕ್ಕಿದ್ರೆ ಹಲ್ಲಿಗೆ ಗೊತ್ತಾಗುತ್ತಲ್ಲ, ಹಾಗೆ."

ಮಹತಿ ಕಣ್ಣನ್ನು ಇನ್ನೂ ಗಟ್ಟಿಯಾಗಿ ಮುಚ್ಚಿದಳು. ವ್ಯಾಗನ್ ಮೂರನೇ ಸಲ ಬಂತು. ಗಡಗಡ, ಗಡಗಡ. ಅದರ ಅಡಿಯಲ್ಲಿ, ತೀರಾ ಸಣ್ಣದಾಗಿ, ಕರ್... ಕರ್... ಕರ್...

ಅವಳು ಕಣ್ಣು ಬಿಟ್ಟಳು. "ಇದಾ?"

"ಅದೇ. ಚಕ್ರ ತಿರುಗೋ ಜಾಗದಲ್ಲಿ ಬೇರಿಂಗ್ ಅಂತ ಇರುತ್ತೆ. ಅದು ಒಳಗೆ ಉಜ್ಜುತ್ತಿದೆ."

"ಇಷ್ಟು ಚಿಕ್ಕ ಸದ್ದಿಗಾ ಎಲ್ಲ ನಿಲ್ಲಿಸಿದ್ದು?"

"ಈಗ ಇಷ್ಟೇ," ಅಂದಳು ಅಮ್ಮ. "ಅಷ್ಟು ಭಾರ ಹೊತ್ಕೊಂಡು ಕೊಲ್ಲಂ ದಾಟೋ ಹೊತ್ತಿಗೆ ಇಷ್ಟೇ ಇರಲ್ಲ. ಕಾದು, ಕೆಂಪಗಾಗಿ, ಮುರೀಬಹುದು."

ಅಷ್ಟು ಹೇಳಿ ಅಮ್ಮ ಮತ್ತೆ ಗಾಡಿಯ ಕಡೆ ಹೋದಳು.

ಕೊಲ್ಲಂ ಆದಮೇಲೆ ವರ್ಕಲ. ಆಮೇಲೆ ಮೇಧಾಳ ಮನೆ. ಮಹತಿಗೆ ಆ ಹಿತ್ತಲು ಕಂಡಿತು. ತಂತಿಯ ಮೇಲೆ ಹಾರುವ ಬಟ್ಟೆ. ಗೋಡೆಯ ಮೇಲೆ ಕೈಯಿಟ್ಟು, ಟಾಟಾ ಮಾಡಲು ನಿಂತ ಮೇಧಾ. ಅವಳ ಪಕ್ಕದಲ್ಲೇ ಹಾದುಹೋಗುವ ಬೆಳ್ಳಿ ಆನೆಗಳು.

ಮಹತಿ ಕಟ್ಟೆಯ ಮೇಲೆ ಕೂತುಬಿಟ್ಟಳು.

*

"ಎಡೀ, ನೀನೇನು ಇಲ್ಲಿ?"

ಅಲ್ವಿನ್. ಸೈಕಲ್ ಬೇಲಿಗೆ ಒರಗಿಸಿ ಬರುತ್ತಿದ್ದ. ಕೋಪದಲ್ಲಿ ಕುರ್ಚಿಯ ಮೇಲೇ ಬಿಟ್ಟುಹೋದ ಚೆಂಡೆ ತೆಗೆದುಕೊಂಡು ಹೋಗಲು ಬಂದಿದ್ದ. ಅವನ ಮನೆ ಇಲ್ಲೇ ಹಿಂದಿನ ಗಲ್ಲಿಯಲ್ಲಿತ್ತು.

ಈಗ ಹೇಳದಿದ್ದರೆ ಸೋಮವಾರ ಹೇಳಬೇಕು. ಸೋಮವಾರ ಹೇಳದಿದ್ದರೆ ಅದು ಇನ್ನೂ ಭಾರವಾಗುತ್ತದೆ.

"ಆ ಹಳದಿ ಟೋಪಿಯವರು ನನ್ನ ಅಮ್ಮ," ಅಂದಳು.

ಅಲ್ವಿನ್ ಅವಳನ್ನು ನೋಡಿದ. ದೂರದಲ್ಲಿ ಗಾಡಿಯ ಕೆಳಗೆ ಬಗ್ಗಿದ್ದ ಅಮ್ಮನನ್ನು ನೋಡಿದ.

"ಬೆಳಗ್ಗೆ ಗೊತ್ತಿಲ್ಲ ಅಂದೆ?"

"ಹೂಂ."

"ಯಾಕೆ?"

ಮಹತಿ ಖಾಲಿ ಕುರ್ಚಿಗಳ ಕಡೆ ನೋಡಿದಳು. ಅಲ್ವಿನ್ ಕೋಲಿನ ತುದಿಯಿಂದ ನೆಲ ಕೆದಕಿದ. ಆಮೇಲೆ ದನಿ ತಗ್ಗಿಸಿ ಕೇಳಿದ, "ನಾನು ಬೈದದ್ದು ಅವರಿಗೆ ಕೇಳಿಸಿರುತ್ತಾ?"

"ಅಮ್ಮನಿಗೆ ಎಲ್ಲಾ ಕೇಳಿಸುತ್ತೆ," ಅಂದಳು ಮಹತಿ.

ಅಲ್ವಿನ್‌ನ ಕಿವಿ ಮತ್ತೆ ಕೆಂಪಾಯಿತು. ಅಮ್ಮ ಕಟ್ಟೆಯ ಕಡೆ ಬಂದಾಗ ಅವನು ಹೋಗಿ ಕಂಬದ ಹಿಂದೆ ನಿಂತ. ಆಮೇಲೆ ಅಲ್ಲಿಂದಲೇ ಕತ್ತು ಚಾಚಿ, "ಆಂಟೀ, ಅದಕ್ಕೆ ಏನಾಗಿದೆ?" ಅಂದ.

"ಕಾಲು ನೋವು, ಮೋನೇ," ಅಂದಳು ಅಮ್ಮ, ತನ್ನ ಅರೆಬರೆ ಮಲಯಾಳದಲ್ಲಿ. "ಹೊಸ ಚಕ್ರ ಹಾಕಿದರೆ ಓಡಾಡುತ್ತೆ."

ಸಂಜೆಯ ಹೊತ್ತಿಗೆ ಗಾಡಿಯ ಎರಡು ತುಂಡು ಒಂದಾದವು. ಬ್ರೇಕುಗಳು ಬುಸ್ಸೆಂದವು. ಹಿಂದಿನ ಡಬ್ಬಿಯಿಂದ ಗಾರ್ಡ್ ಹಸಿರು ಬಾವುಟ ತೋರಿಸಿದರು. ಅವರದು ಮಾಸಿದ, ಹೊಲಿಗೆ ಹಾಕಿದ ಬಾವುಟ.

ಅಲ್ವಿನ್ ಚೆಂಡೆ ಹೆಗಲಿಗೇರಿಸಿದ. "ಬಾರಿಸ್ಲಾ? ಹೇಗೂ ಹೊರಟಿದೆ."

ಅವನು ಕೋಲು ಎತ್ತಿದ್ದೇ ತಡ, ಅಮ್ಮ ತಿರುಗದೆಯೇ ಅಂಗೈ ಚಾಚಿ ತಡೆದಳು. ಅವಳ ತಲೆ ಆಗಲೇ ಒಂದು ಕಡೆ ವಾಲಿತ್ತು. ಕಣ್ಣು ಮುಚ್ಚಿತ್ತು. ಅಲ್ವಿನ್‌ನ ಕೋಲು ಗಾಳಿಯಲ್ಲೇ ನಿಂತಿತು.

ಮಹತಿ ಅಮ್ಮನ ಪಕ್ಕದಲ್ಲಿ ನಿಂತು ತಾನೂ ಕಣ್ಣು ಮುಚ್ಚಿದಳು. ಮೊದಲ ವ್ಯಾಗನ್ ಬಂತು. ಆಮೇಲಿನದು. ಇನ್ನೊಂದು. ಕಾಲಡಿಯ ನೆಲ ನಡುಗುತ್ತಿತ್ತು. ಪೇಂಟಿನ ವಾಸನೆ, ಬಿಸಿ ಕಬ್ಬಿಣದ ವಾಸನೆ, ಸಂಜೆಯ ಗಾಳಿ. ಗಡಗಡದ ಕೆಳಗೆ ಅವಳು ಕಿವಿಯಿಟ್ಟಳು. ಅಲ್ಲಿ ಏನೂ ಇರಲಿಲ್ಲ. ನಯವಾದ, ಉದ್ದನೆಯ ಏನೂ ಇಲ್ಲದಿರುವಿಕೆ, ಎಣ್ಣೆಯ ಹಾಗೆ ಹರಿಯುತ್ತಿತ್ತು.

ಕೊನೆಯ ವ್ಯಾಗನ್ನಿನ ಸದ್ದು ದೂರವಾಗಿ, ತಿರುವಿನಲ್ಲಿ ಕರಗಿತು. ಅಮ್ಮ ಅಂಗೈ ಇಳಿಸಿದಳು.

ಅಲ್ವಿನ್‌ನ ಕೈ ಸೋತುಹೋಗಿತ್ತು. ಕೋಲು ತಾನಾಗಿ ಬಿತ್ತು. ಢಂ!

ಮೂವರೂ ನಕ್ಕುಬಿಟ್ಟರು.

ಮನೆಗೆ ಹೋಗುವಾಗ, ಯಾರ್ಡಿನ ಹೊರಗೆ ಕಾಯುತ್ತಿದ್ದ ಅಪ್ಪ ಸ್ಕೂಟರಿನಲ್ಲಿ ಮುಂದೆ ಹೋದರು. ಮಹತಿ ಅಮ್ಮನ ಜೊತೆ ನಡೆದಳು. ದಾರಿಬದಿಯ ಅಂಗಡಿಯಲ್ಲಿ ಪಳಂಪೊರಿ, ಬಾಳೆಹಣ್ಣಿನ ಬಜ್ಜಿ, ಕರಿಯುತ್ತಿದ್ದರು. ಅಮ್ಮ ಒಂದನ್ನು ಕೊಡಿಸಿದಳು. ತನಗೆ ಬೇಡ ಅಂದಳು.

"ಅಮ್ಮ, ಲೇಸ್ ಬಿಚ್ಚಿರಲಿಲ್ಲ," ಅಂದಳು ಮಹತಿ, ಬಾಳೆಹಣ್ಣಿನ ಬಿಸಿಗೆ ಊದುತ್ತ.

"ಗೊತ್ತು," ಅಂದಳು ಅಮ್ಮ.

ಅಷ್ಟೇ. ಇಬ್ಬರೂ ಮನೆಯ ಗೇಟಿನವರೆಗೆ ಜೊತೆಯಾಗಿ ನಡೆದರು.

*

ಭಾನುವಾರ ಬೆಳಗ್ಗೆ ಅಡುಗೆಮನೆಯಿಂದ ದೋಸೆಯ ವಾಸನೆ ಬರುತ್ತಿತ್ತು. ಅಮ್ಮ ಒಲೆಯ ಮುಂದೆ ನಿಂತಿದ್ದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಅಪ್ಪ ಪೇಪರ್ ಹಿಡಿದು, "ರಾತ್ರಿ ಎಷ್ಟು ಸಲ ಎದ್ದೆ ನೀನು?" ಅಂದರು. ಅಮ್ಮ ಕಾವಲಿಗೆ ಹಿಟ್ಟು ಹುಯ್ದಳು.

ಗೂಡ್ಸ್ ಗಾಡಿಗಳಿಗೆ ಅವಸರವಿಲ್ಲ. ಎಕ್ಸ್‌ಪ್ರೆಸ್ ಗಾಡಿಗಳಿಗೆಲ್ಲ ದಾರಿ ಬಿಟ್ಟು, ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ನಿಂತು ನಿಂತು ಹೋಗುತ್ತವೆ. ಮಹತಿ ಹಾಸಿಗೆಯಲ್ಲಿ ಅದನ್ನೇ ಯೋಚಿಸುತ್ತ ನಿದ್ದೆಹೋಗಿದ್ದಳು. ಕತ್ತಲಲ್ಲಿ ಹಿನ್ನೀರಿನ ಪಕ್ಕ ನಿಂತ ಗಾಡಿ, ಅದರ ಮಡಿಲುಗಳಲ್ಲಿ ತುಂಬಿದ ಬೆಳದಿಂಗಳು.

ಫೋನ್ ರಿಂಗಾಯಿತು. ಮಹತಿ ಓಡಿಹೋಗಿ ತೆಗೆದಳು.

"ಬಂತು ಕಣೇ! ಈಗ ತಾನೇ ಹೋಯ್ತು!" ಮೇಧಾಳ ದನಿಯಲ್ಲಿ ಇನ್ನೂ ನಿದ್ದೆಯಿತ್ತು. "ನಿನ್ನೆ ಸಂಜೆವರೆಗೂ ಕಾದೆ. ಇವತ್ತು ಗಾಡಿ ಸದ್ದು ಕೇಳಿ ಅಮ್ಮ ಎಬ್ಬಿಸಿದಳು. ನೈಟಿಯಲ್ಲೇ ಓಡಿದೆ. ಎಷ್ಟು ಚೆನ್ನಾಗಿದೆ ಗೊತ್ತಾ! ಸೂರ್ಯ ಆಗಷ್ಟೇ ಬರ್ತಿದ್ದ, ಎಲ್ಲಾ ಕಿತ್ತಳೆ ಬಣ್ಣ! ನಾನು ಟಾಟಾ ಮಾಡಿದೆ, ಗಾರ್ಡ್ ಅಂಕಲ್ಲೂ ಮಾಡಿದ್ರು. ಹೇಳು, ನಿನ್ನ ಬಾವುಟ ಹೇಗಾಯ್ತು? ಎಲ್ಲರೂ ಚಪ್ಪಾಳೆ ತಟ್ಟಿದ್ರಾ?"

"ಅದು ಬಿಡು," ಅಂದಳು ಮಹತಿ. "ಸದ್ದು ಹೇಗಿತ್ತು?"

"ಸದ್ದಾ?"

"ಹೂಂ. ಗಾಡೀದು."

ಮೇಧಾ ಯೋಚಿಸಿದಳು. ಮಹತಿ ಅಡುಗೆಮನೆಯ ಕಡೆ ನೋಡಿದಳು.

ಅಮ್ಮ ಸಟ್ಟುಗ ಹಿಡಿದು ನಿಂತಿದ್ದಳು. ಕಾವಲಿಯ ಮೇಲಿನ ದೋಸೆಯ ಅಂಚು ಕಪ್ಪಾಗಿ, ಹೊಗೆ ಏಳುತ್ತಿತ್ತು. ಅಮ್ಮ ಅದನ್ನು ನೋಡುತ್ತಿರಲಿಲ್ಲ. ಅವಳ ತಲೆ ಫೋನಿನ ಕಡೆಗೆ ವಾಲಿತ್ತು. ಮಹತಿಗೆ ಆಗ ಗೊತ್ತಾಯಿತು. ರಾತ್ರಿಯೆಲ್ಲ ಆ ಗಾಡಿಯ ಜೊತೆ ಹೋದವಳು ತಾನೊಬ್ಬಳೇ ಅಲ್ಲ. ತಾನು ನಿದ್ದೆಯಲ್ಲಿ ಹೋಗಿದ್ದಳು. ಅಮ್ಮ ಎಚ್ಚರವಾಗಿದ್ದುಕೊಂಡು ಹೋಗಿದ್ದಳು.

"ಸದ್ದು ಸದ್ದಿನ ಹಾಗೇ ಇತ್ತಪ್ಪ," ಅಂದಳು ಮೇಧಾ. "ಮೊದಲಿಂದ ಕೊನೆವರೆಗೂ ಒಂದೇ ಥರ. ನಿಂತಲ್ಲೇ ಇನ್ನೊಂದು ನಿದ್ದೆ ಬರೋ ಹಾಗಿತ್ತು."

ಮಹತಿ ಫೋನನ್ನು ಕಿವಿಯಿಂದ ತೆಗೆದಳು.

"ಅಮ್ಮ," ಅಂದಳು. "ಒಂದೇ ಥರ ಇತ್ತಂತೆ. ಕೊನೆವರೆಗೂ."

ಅಮ್ಮ ತಲೆಯಾಡಿಸಿದಳು. ಕಾವಲಿಯ ಕಡೆ ತಿರುಗಿ, "ಅಯ್ಯೋ, ಸೀದೇಹೋಯ್ತಲ್ಲ," ಅಂದಳು. ಕಪ್ಪಾದ ದೋಸೆಯನ್ನು ಎಬ್ಬಿಸಿ ತನ್ನ ತಟ್ಟೆಗೇ ಹಾಕಿಕೊಂಡಳು. ಅಲ್ಲೇ ಒಲೆಯ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತು, ಚಟ್ನಿಗೂ ಕಾಯದೆ, ಮುರಿದು ಮುರಿದು ತಿನ್ನತೊಡಗಿದಳು.

ಮಹತಿ ಹೋಗಿ ಗ್ಯಾಸ್ ಸಣ್ಣ ಮಾಡಿದಳು.